ಊದುವ ಮುಂಚಿನ ಉಸಿರು

ಯೂಫೋನಿಯಂ ಎಂಬ ವಾದ್ಯವನ್ನು ನೀವು ನೋಡಿಯೇ ಇರುತ್ತೀರಿ. ಹೆಸರು ಮಾತ್ರ ಗೊತ್ತಿರಲಿಕ್ಕಿಲ್ಲ. ಮಿಲಿಟರಿ ಬ್ಯಾಂಡ್ ಬಂತೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಕೋಲು ಬೀಸುತ್ತಾ ಮುಂದೆ ನಡೆಯುವ ಡ್ರಮ್ ಮೇಜರ್ ಕಡೆಗೆ. ಆಮೇಲೆ ಚಿರತೆ ಚುಕ್ಕೆಯ ಮೇಲುಡುಪು ತೊಟ್ಟು ದೊಡ್ಡ ಡ್ರಮ್ ಬಾರಿಸುವವರ ಕಡೆಗೆ. ಯೂಫೋನಿಯಂ ಸಾಲಿನ ಮಧ್ಯೆ ಎಲ್ಲೋ ಇರುತ್ತದೆ. ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹಿಡಿಯುವ ಹಿತ್ತಾಳೆ ವಾದ್ಯ ಅದು. ದನಿಯೂ ನಡುವಿನದೇ. ಅದು ಇದ್ದಾಗ ಬೇರೆಯಾಗಿ ಕೇಳಿಸುವುದಿಲ್ಲ. ಇಲ್ಲದಿದ್ದಾಗ ಹಾಡು ಯಾಕೋ ಬಡವಾಯಿತಲ್ಲ ಅನಿಸುತ್ತದೆ.

ನನ್ನ ಸೋದರಮಾವ ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇನೆಯಲ್ಲಿ ಅದನ್ನು ಊದಿದರು.

ಮಾವನ ಊರು ಮುಳಬಾಗಿಲ ಹತ್ತಿರದ ಒಂದು ಹಳ್ಳಿ. ಸೇರಿದ್ದು ಹಲಸೂರು ಕೆರೆಯ ಪಕ್ಕದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ. 1780ರಷ್ಟು ಹಳೆಯ ದಳ ಅದು. ಸೇತುವೆ ಕಟ್ಟುವುದು, ನೆಲಬಾಂಬ್ ತೆಗೆಯುವುದು, ರಸ್ತೆ ಬಿಡಿಸುವುದು ಅವರ ಕೆಲಸ. ಅಲ್ಲಿಯ ಸೈನಿಕರನ್ನು ಪ್ರೀತಿಯಿಂದ ತಂಬಿ ಅಂತಾರೆ. ಮಾವನಿಗೆ ಊರಿನ ಭಜನೆ ಮನೆಯ ಹಾರ್ಮೋನಿಯಂ ಬಿಟ್ಟರೆ ಸಂಗೀತ ಗೊತ್ತಿರಲಿಲ್ಲ. ಐದು ಗೆರೆ ಎಳೆದು ಬರೆಯುವ ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿತದ್ದು ಸೇನೆಯಲ್ಲೇ. ಮಧ್ಯಪ್ರದೇಶದ ಪಚಮಡಿಯಲ್ಲಿ ಸೇನೆಯ ಸಂಗೀತ ಶಾಲೆ ಇದೆ. ಸಾತ್ಪುರ ಬೆಟ್ಟದ ಮೇಲೆ. ಅಲ್ಲಿಗೂ ಹೋಗಿ ಬಂದರು. ರಜೆಗೆ ಊರಿಗೆ ಬಂದಾಗ ಅವರ ಹೆಬ್ಬೆರಳ ಉಗುರಿನ ಅಂಚು ಕಪ್ಪಗಿರುತ್ತಿತ್ತು. ಬ್ರಾಸೊ ಹಾಕಿ ಹಿತ್ತಾಳೆ ಉಜ್ಜಿ ಉಜ್ಜಿ ಹತ್ತಿದ ಕಪ್ಪು. ನನ್ನ ಪಾಲಿಗೆ ಸೈನ್ಯ ಅಂದರೆ ಆ ವಾಸನೆ.

ನಾನು ಫೋಟೊ ತೆಗೆಯಲು ಶುರು ಮಾಡಿದ್ದು ತುಂಬಾ ತಡವಾಗಿ. ಕಾರ್ಗಿಲ್ ವಿಜಯ ದಿನಕ್ಕೆ ಕ್ಯಾಮೆರಾ ಹಿಡಿದು ಹೋದದ್ದು ಇನ್ನೂ ತಡವಾಗಿ. ಬೆಂಗಳೂರಿನಲ್ಲಿ ಜುಲೈ 26ರ ಬೆಳಗ್ಗೆ ಸಾಮಾನ್ಯವಾಗಿ ಮೋಡ ಇರುತ್ತದೆ. ಫೋಟೊದವರಿಗೆ ಅದು ಹಬ್ಬದ ಬೆಳಕು. ಆಕಾಶಕ್ಕೆಲ್ಲ ತೆಳು ಪಂಚೆ ಕಟ್ಟಿದ ಹಾಗೆ. ಮುಖದ ಮೇಲೆ ಗಡುಸು ನೆರಳು ಬೀಳುವುದಿಲ್ಲ. ನೆಹರೂ ತಾರಾಲಯದ ಹತ್ತಿರ, ಸಂಗೀತ ಕಾರಂಜಿಯ ಉದ್ಯಾನದಲ್ಲಿ ರಾಷ್ಟ್ರೀಯ ಸೈನಿಕ ಸ್ಮಾರಕ ಇದೆ. ಸ್ವಾತಂತ್ರ್ಯ ಬಂದ ಮೇಲೆ ಸತ್ತ ಸೈನಿಕರ ಹೆಸರುಗಳನ್ನು ಅಲ್ಲಿ ಕಲ್ಲಿನ ಮೇಲೆ ಕೆತ್ತಿದ್ದಾರೆ. ಒಂದೇ ಬಂಡೆಯ ಎತ್ತರದ ಕಲ್ಲೊಂದನ್ನು ನಿಲ್ಲಿಸಿದ್ದಾರೆ. ಅದನ್ನು ಕರೆಯುವುದು ವೀರಗಲ್ಲು ಅಂತಲೇ.

ಆ ಹೆಸರು ನನಗೆ ತುಂಬಾ ಇಷ್ಟ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಒಂದು ವೀರಗಲ್ಲಿನ ಮೇಲೆ ಅಲ್ವಾ? ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿದೆ. ಸುಮಾರು ಕ್ರಿ.ಶ. 890ರದ್ದು. ಬೆಂಗಳೂರ ಕಾಳಗದಲ್ಲಿ ಸತ್ತವನೊಬ್ಬನ ನೆನಪಿಗೆ ನಿಲ್ಲಿಸಿದ ಕಲ್ಲು. ಈ ಊರಿನ ಹೆಸರು ಉಳಿದು ಬಂದದ್ದು ಸತ್ತವನೊಬ್ಬನನ್ನು ಯಾರೋ ಮರೆಯಲಾರದೆ ಹೋದದ್ದರಿಂದ. ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಅವನು ದೇವರ ಮುಂದೆ ಕೂತಿರುವುದು. ಕೆಲವು ಕಲ್ಲುಗಳಲ್ಲಿ ಆ ದಾರಿಯಲ್ಲಿ ವಾದ್ಯದವರೂ ಇರುತ್ತಾರೆ. ಶಿಲ್ಪಿ ಅವರಿಗೆ ಬೆರಳಷ್ಟು ಜಾಗ ಕೊಟ್ಟಿರುತ್ತಾನೆ, ಆದರೆ ಬಿಟ್ಟಿರುವುದಿಲ್ಲ.

ಮೊದಲ ವರ್ಷ ನಾನು ವಾದ್ಯದವರನ್ನು ಬಿಟ್ಟೆ.

ಅವತ್ತು ನನಗೆ ಬೇಕಾಗಿದ್ದದ್ದು ಅಳುವ ಮುಖ. ಬೇರೆ ಮಾತಿನಲ್ಲಿ ಹೇಳಿ ಅದನ್ನು ಮೆತ್ತಗೆ ಮಾಡುವುದಿಲ್ಲ. 1999ರ ಆ ಯುದ್ಧದಲ್ಲಿ ನಮ್ಮ ಕಡೆ 527 ಸೈನಿಕರು ಸತ್ತರು. ತೋಲೋಲಿಂಗ್ ಶಿಖರವನ್ನು ಮರಳಿ ಪಡೆದ ರಜಪುತಾನ ರೈಫಲ್ಸ್ ತುಕಡಿಯನ್ನು ನಡೆಸಿದ ಕರ್ನಲ್ ಎಂ.ಬಿ. ರವೀಂದ್ರನಾಥ್ ನಮ್ಮ ದಾವಣಗೆರೆ ಕಡೆಯವರು. ಇದನ್ನೆಲ್ಲ ಓದಿಕೊಂಡು ಹೋಗಿದ್ದೆ. ಎದೆ ತುಂಬಿತ್ತು. ಆದರೆ ಕೈಯಲ್ಲಿ ಉದ್ದ ಲೆನ್ಸ್ ಇದ್ದಾಗ ತುಂಬಿದ ಎದೆ ಸಾಕಾಗುವುದಿಲ್ಲ ಅಂತ ಗೊತ್ತಾದದ್ದು ಆಮೇಲೆ.

ಕುರ್ಚಿಗಳ ಎರಡನೇ ಸಾಲಿನಲ್ಲಿ ಒಬ್ಬ ವಯಸ್ಸಾದ ತಾಯಿ ಕೂತಿದ್ದರು. ತೊಡೆಯ ಮೇಲೆ ಕಟ್ಟು ಹಾಕಿಸಿದ ಫೋಟೊ. ಯೂನಿಫಾರ್ಮ್ ತೊಟ್ಟ ಹುಡುಗ. ಹಗ್ಗದ ಈಚೆ, ಜನರ ನಡುವೆ ನಿಂತು ನಾನು ಅವರ ಮುಖಕ್ಕೆ ಜೂಮ್ ಮಾಡಿದೆ. ಹಿಂದಿನದು, ಮುಂದಿನದು ಎಲ್ಲ ಮಸುಕಾಗಲಿ ಅಂತ ಅಪರ್ಚರ್ ಪೂರ್ತಿ ತೆರೆದಿದ್ದೆ. ಕಣ್ಣಿನ ಮೇಲೆ ಫೋಕಸ್ ಇಟ್ಟು ಕಾಯುತ್ತಿದ್ದೆ. ಸೆರಗು ಯಾವಾಗ ಕಣ್ಣಿಗೆ ಹೋಗುತ್ತದೋ ಅಂತ.

ಅವರು ನನ್ನನ್ನು ನೋಡಿದರು. ನೇರವಾಗಿ ಲೆನ್ಸನ್ನೇ. ನಾಚಿಕೆಯಾಗಿ ಕ್ಯಾಮೆರಾ ಇಳಿಸಬೇಕು ಅನ್ನುವಷ್ಟರಲ್ಲಿ ಅವರು ತೊಡೆಯ ಮೇಲಿನ ಫೋಟೊವನ್ನು ನಿಧಾನಕ್ಕೆ ನನ್ನ ಕಡೆಗೆ ತಿರುಗಿಸಿದರು. ಗಾಜಿನ ಮೇಲೆ ಬೆಳಕು ಹೊಳೆಯದ ಹಾಗೆ ಸ್ವಲ್ಪ ಓರೆ ಮಾಡಿದರು. ನಾನು ಅವರ ಮಗನ ಫೋಟೊ ತೆಗೆಯುತ್ತಿದ್ದೇನೆ ಅಂದುಕೊಂಡಿದ್ದರು.

ನಾನು ಒತ್ತಿದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ತಾಯಿಯ ರೆಪ್ಪೆಗಳು ಒಂದೊಂದಾಗಿ ಎಣಿಸಬಹುದು, ಅಷ್ಟು ಸ್ಪಷ್ಟ. ಮಗ ಮಸುಕು. ಅವರು ಯಾರನ್ನು ನೋಡು ಅಂತ ತೋರಿಸಿದರೋ ಅವನ ಮುಖವೇ ಇಲ್ಲ.

ಆ ಚಿತ್ರವನ್ನು ಎಲ್ಲೂ ಹಾಕಲಿಲ್ಲ. ಮುಂದಿನ ವರ್ಷ ಅವರನ್ನು ಹುಡುಕಿದೆ. ಬಂದಿರಲಿಲ್ಲ. ಮೂರನೇ ವರ್ಷವೂ ನೋಡಿದೆ.

ಇದನ್ನು ನಾನು ಹೇಳಿಕೊಂಡದ್ದು ಮಾವನ ಹತ್ತಿರ ಮಾತ್ರ. ಅವರು ನಿವೃತ್ತರಾಗಿ ಊರಲ್ಲಿ ಟೊಮೆಟೊ ಬೆಳೆಯುತ್ತಾರೆ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೈಯಲಿಲ್ಲ. ಆಮೇಲೆ, "ಬ್ಯಾಂಡ್ ಎಲ್ಲಿ ನಿಂತಿತ್ತಮ್ಮ?" ಅಂದರು. ನನಗೆ ನೆನಪಿರಲಿಲ್ಲ. ಎಡಗಡೆಯೋ ಬಲಗಡೆಯೋ ಕೂಡ. ಆರುನೂರು ಚಿತ್ರ ತೆಗೆದಿದ್ದೆ. ಹುಡುಕಿದರೆ ಬ್ಯಾಂಡ್ ಇದ್ದದ್ದು ಮೂರರಲ್ಲಿ. ಮೂರರಲ್ಲೂ ಯಾರದ್ದೋ ಭುಜದ ಹಿಂದೆ.

ಇಲ್ಲಿ ನಮ್ಮ ಮನೆಯ ಒಂದು ಹಳೆಯ ಕತೆ ಹೇಳಬೇಕು. ನಾನು ಆರನೇ ಕ್ಲಾಸಿನಲ್ಲಿದ್ದಾಗ ದೊಡ್ಡಮ್ಮನ ಮಗ ನೇರಳೆ ಮರದಿಂದ ಬಿದ್ದ. ಮುಂಗೈ ಮುರಿದು ವಿಚಿತ್ರವಾಗಿ ಬಾಗಿತ್ತು. ಹೆಂಗಸರೆಲ್ಲ ಕೂಗಾಡುತ್ತಿದ್ದರು. ರಜೆಗೆ ಬಂದಿದ್ದ ಮಾವ ಎದ್ದು ಬಂದರು. ದಬ್ಬೆ ಸೀಳಿ ಎರಡು ತುಂಡು ಮಾಡಿದರು. ಒಳಗಡೆ ಮೆತ್ತಗೆ ಬಟ್ಟೆ ಇಟ್ಟರು. ಟವೆಲ್ ಹರಿದು ಕಟ್ಟಿದರು. ಕಟ್ಟಿದ ಮೇಲೆ ಹುಡುಗನ ಬೆರಳ ತುದಿ ಒತ್ತಿ, ಬಿಳುಪು ಹೋಗಿ ಮತ್ತೆ ರಕ್ತ ಬರುತ್ತಾ ಅಂತ ನೋಡಿದರು. ಐದು ನಿಮಿಷ ಆಗಿರಲಿಕ್ಕಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಇದನ್ನು ಕಟ್ಟಿದ್ದು ಯಾರು ಅಂತ ಕೇಳಿದರಂತೆ.

"ಇದೆಲ್ಲ ಎಲ್ಲಿ ಕಲಿತೆಯೋ?" ಅಂದಳು ಅಜ್ಜಿ.

"ಬ್ಯಾಂಡ್‌ನಲ್ಲಿ," ಅಂದರು ಮಾವ.

ನಾವೆಲ್ಲ ಆ ಮಾತಿಗೆ ನಕ್ಕಿದ್ದೆವು. ಅವರು ನಿಜವನ್ನೇ ಹೇಳಿದ್ದರು. ಸೇನೆಯ ಬ್ಯಾಂಡ್‌ನವರು ಬರೀ ಊದುವವರಲ್ಲ. ಯುದ್ಧ ಬಂದರೆ ವಾದ್ಯ ಪೆಟ್ಟಿಗೆ ಸೇರುತ್ತದೆ. ಅವರು ಗಾಯಗೊಂಡವರನ್ನು ಹೊತ್ತು ತರುವ ಕೆಲಸಕ್ಕೆ ಹೋಗುತ್ತಾರೆ. ಜಗತ್ತಿನ ಎಷ್ಟೋ ಸೈನ್ಯಗಳಲ್ಲಿ ಹಳೆಯ ಕಾಲದಿಂದ ಬಂದ ರೂಢಿ ಇದು. ರಕ್ತ ನಿಲ್ಲಿಸುವುದು, ಮೂಳೆ ಕಟ್ಟುವುದು, ಸ್ಟ್ರೆಚರ್ ಹಿಡಿದು ಜಾರುವ ಇಳಿಜಾರಿನಲ್ಲಿ ಹೆಜ್ಜೆ ಹೊಂದಿಸಿ ನಡೆಯುವುದು, ಇಷ್ಟೂ ತರಬೇತಿ ಅವರಿಗೆ ಇರುತ್ತದೆ. ಮಾವ ಒಂದೇ ಒಂದು ಸಲ ಈ ಬಗ್ಗೆ ನನ್ನ ಹತ್ತಿರ ಮಾತಾಡಿದ್ದಾರೆ. "ಹಿಂದೆ ಹಿಡಿದವನಿಗೆ ದಾರಿ ಕಾಣಲ್ಲಮ್ಮ. ಮುಖ ಕಾಣುತ್ತೆ," ಅಂದರು. ಅಷ್ಟೇ. ಎಲ್ಲಿ, ಯಾರು ಅಂತ ನಾನೂ ಕೇಳಲಿಲ್ಲ.

ಹಾಗಾದರೆ ನೆನಪಿನ ದಿನ ಸಮಾಧಿಯ ಮುಂದೆ, ಸ್ಮಾರಕದ ಮುಂದೆ ನಿಂತು ಊದುವವರು ಯಾರು? ಸತ್ತವರನ್ನು ಕೊನೆಯಲ್ಲಿ ಮುಟ್ಟಿದ ಕೈಗಳ ಪೈಕಿಯವರು. ಅವರು ಅವತ್ತು ಅಳುವ ಹಾಗಿಲ್ಲ. ಗಂಟಲು ಕಟ್ಟಿದರೆ ಸ್ವರ ಒಡೆಯುತ್ತದೆ. ತುಟಿ ನಡುಗಿದರೆ ಮುಗಿಯಿತು. ನೆರೆದ ನೂರಾರು ಜನರಿಗೆ ಅಳುವ ಅನುಕೂಲ ಮಾಡಿಕೊಟ್ಟು ತಾವು ಒಣ ಕಣ್ಣಲ್ಲಿ ನಿಲ್ಲುವ ಕೆಲಸ ಅವರದು. ನನ್ನ ಕ್ಯಾಮೆರಾ ನೋಡಬೇಕಾಗಿದ್ದದ್ದು ಆ ಕಡೆಗೆ ಅಂತ ನನಗೆ ಬಲವಾಗಿ ಅನಿಸಿತು. ಇವತ್ತಿಗೂ ಅನಿಸುತ್ತದೆ.

ಮುಂದಿನ ಜುಲೈಗೆ ಮಾವನನ್ನೇ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಪದಕಗಳು. ಬೆಳಗಿನ ಜಾವದ ಬಸ್ಸಿಗೆ ಬಂದಿದ್ದರು.

ಹಿತ್ತಾಳೆ ವಾದ್ಯದ ಫೋಟೊ ಕಷ್ಟ. ಮೋಡ ಇದ್ದರೂ ವಾದ್ಯದ ಬಾಯಂಚಿನಲ್ಲಿ ಆಕಾಶ ಪೂರ್ತಿ ಕೂತಿರುತ್ತದೆ. ಬಿಳಿ ಕೈಗವಸು ಬೇರೆ. ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು ಅಳೆದರೆ ಟೋಪಿಯ ಕೆಳಗಿನ ಮುಖ ಕಪ್ಪು, ಇಲ್ಲವೇ ಹಿತ್ತಾಳೆ ಸುಣ್ಣ ಬಳಿದ ಗೋಡೆ. ನಾನು ಮುಖಕ್ಕೆ ಅಳತೆ ಹಿಡಿದು, ಅಲ್ಲಿಂದ ಅರ್ಧ ಸ್ಟಾಪಿಗಿಂತ ಸ್ವಲ್ಪ ಜಾಸ್ತಿ ಇಳಿಸುತ್ತೇನೆ. ಹಿತ್ತಾಳೆಯ ಹಳದಿ ಉಳಿಯುತ್ತದೆ, ಚರ್ಮದ ಬಣ್ಣವೂ ಉಳಿಯುತ್ತದೆ. ಅಪರ್ಚರ್ ಈಗ ಕಿರಿದು ಮಾಡುತ್ತೇನೆ. ಮೂರು ಸಾಲೂ ಸ್ಪಷ್ಟ ಬೇಕು. ಯಾರೂ ಮಸುಕಾಗಬಾರದು. ಡ್ರಮ್ ಕೋಲುಗಳಿಗೆ ಷಟರ್ ನಿಧಾನ ಮಾಡಿದರೆ ಕೈಯ ಸುತ್ತ ಗಾಳಿಯಲ್ಲಿ ಒಂದು ಬೀಸಣಿಗೆ ಮೂಡುತ್ತದೆ. ಚೆನ್ನಾಗಿರುತ್ತದೆ, ಆದರೆ ಇಂಥ ದಿನ ನನಗೆ ಅದು ಬೇಡ ಅನಿಸುತ್ತದೆ. ಜಾತ್ರೆಯ ಫೋಟೊ ಆಗಿಬಿಡುತ್ತದೆ.

ಡ್ರಮ್ ಬಗ್ಗೆ ಮಾವ ಒಂದು ಮಾತು ಹೇಳಿದರು. ನಮ್ಮೂರಲ್ಲಿ ಸಾವಾದಾಗ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿಯಾಗಿ ದನಿ ಊರಾಚೆಗೂ ಹೋಗಲಿ ಅಂತ. ಸೇನೆಯಲ್ಲಿ ಹೆಣದ ಮುಂದೆ ನಡೆಯುವಾಗ ಡ್ರಮ್ಮಿಗೆ ಕಪ್ಪು ಬಟ್ಟೆ ಹೊದಿಸುತ್ತಾರೆ. ದನಿ ಒಳಗೇ ಉಳಿಯಲಿ ಅಂತ. ಎರಡೂ ಚರ್ಮವೇ, ಎರಡೂ ಸಾವೇ. ಮಾವ ಎರಡನ್ನೂ ಕೇಳಿ ಬೆಳೆದವರು. ಯಾವುದು ಹೆಚ್ಚು ನೋಯಿಸುತ್ತೆ ಅಂದೆ. "ಕಾಯಿಸಿದ್ದು ಅಳಿಸುತ್ತೆ. ಮುಚ್ಚಿದ್ದು ಮನೆಗೆ ಬಂದಮೇಲೂ ಬಡಿತಿರುತ್ತೆ," ಅಂದರು.

ಇನ್ನೊಂದು ವಿಷಯವನ್ನು ಅವರೇ ತೋರಿಸಿಕೊಟ್ಟರು. ಕಲಿತ ಹಿತ್ತಾಳೆಯವರ ಕೆನ್ನೆ ಉಬ್ಬುವುದಿಲ್ಲ. ಮದುವೆ ಮೆರವಣಿಗೆಯಲ್ಲಿ ಕೆನ್ನೆ ಬಲೂನು ಮಾಡಿ ಊದುವವರನ್ನು ನೋಡಿ ನೋಡಿ ನನಗೆ ಅದೇ ಊದುವುದರ ಗುರುತು ಆಗಿತ್ತು. ಇವರ ಕೆನ್ನೆ ಬಿಗಿ, ಭುಜ ಕದಲದು. ಶ್ರಮವೆಲ್ಲ ಹೊಟ್ಟೆಯಲ್ಲಿ, ಬೆಲ್ಟಿನ ಹಿಂದೆ. ಫೋಟೊದಲ್ಲಿ ಅವರು ಊದುತ್ತಿದ್ದಾರೋ ವಾದ್ಯ ಹಿಡಿದು ಸುಮ್ನೆ ನಿಂತಿದ್ದಾರೋ ಗೊತ್ತೇ ಆಗುವುದಿಲ್ಲ. ಸದ್ದು ಚಿತ್ರಕ್ಕೆ ಬರುವುದಿಲ್ಲ. ಹಾಗಾದರೆ ತೆಗೆಯುವುದು ಏನನ್ನು?

"ಉಸಿರು ತಗೊಳ್ಳೋದನ್ನ ತೆಗಿ," ಅಂದರು ಮಾವ. ಬ್ಯಾಂಡ್ ಮಾಸ್ಟರ್ ಕೈ ಎತ್ತುತ್ತಾರೆ. ಕೈ ಇಳಿಯುವ ಮುಂಚೆ ಒಂದು ಕ್ಷಣ, ಎಲ್ಲರೂ ಒಟ್ಟಿಗೆ ಬಾಯಿಯ ಮೂಲೆಯಿಂದ ಉಸಿರು ಎಳೆದುಕೊಳ್ಳುತ್ತಾರೆ. ತುಟಿ ಒಂದು ಗೆರೆಯಷ್ಟು ಬಿಡುತ್ತದೆ. ಕಣ್ಣು ಸ್ವಲ್ಪ ಅಗಲ ಆಗುತ್ತದೆ. ಕೊಳಲಿನಂಥ ಚಿಕ್ಕದರಿಂದ ಹೆಗಲಿಗೆ ಸುತ್ತಿಕೊಳ್ಳುವ ಸೂಸಾಫೋನ್ ತನಕ ಎಲ್ಲರೂ ಆ ಒಂದು ಕ್ಷಣ ಒಂದೇ ಮೈ. ಲೇಹ್‌ನಲ್ಲಿದ್ದಾಗ ಆ ಉಸಿರಿಗೂ ಬರ ಇತ್ತಂತೆ. ಹನ್ನೊಂದು ಸಾವಿರ ಅಡಿ ಎತ್ತರ. ಇಲ್ಲಿ ಒಂದು ಉಸಿರಿನಲ್ಲಿ ಮುಗಿಯುವ ಸಾಲಿಗೆ ಅಲ್ಲಿ ಎರಡು ಬೇಕು. ಅದಕ್ಕಿಂತಲೂ ಎತ್ತರದಲ್ಲಿ, ಆ ಗಾಳಿಯಲ್ಲಿ, ಬೆನ್ನ ಮೇಲೆ ಹೊರೆ ಹೊತ್ತು, ರಾತ್ರಿ, ಬಂಡೆ ಹಿಡಿದು ಹತ್ತಿದರು ಆ ಹುಡುಗರು. ಈ ಲೆಕ್ಕ ನಾನು ಹಾಕಿಯೇ ಇರಲಿಲ್ಲ. ಉಸಿರಿನಿಂದ ಬದುಕುವ ಒಬ್ಬರು ಹೇಳಬೇಕಾಯಿತು.

ಹೂಗುಚ್ಛಗಳನ್ನು ಇಡುವಾಗ ಬ್ಯಾಂಡ್ ನಿಧಾನದ ಒಂದು ಧಾಟಿ ನುಡಿಸಿತು. ಅದು ಶುರುವಾಗುವ ಮುಂಚೆ ನನ್ನ ಬೆರಳು ಗುಂಡಿಯ ಮೇಲಿತ್ತು. ಕೈ ಎದ್ದಿತು. ಒತ್ತಿದೆ. ಒಂದೇ ಸಲ. ಸದ್ದಿಲ್ಲದ ಷಟರ್ ಇರುವ ಕ್ಯಾಮೆರಾ ಈಗ ನನ್ನ ಹತ್ತಿರ ಇದೆ. ಸಿಕ್ಕಿತೋ ಇಲ್ಲವೋ ಅಂತ ತೆರೆದು ನೋಡಲಿಲ್ಲ.

ಆಮೇಲೆ ಸಲಾಮಿ ಶಸ್ತ್ರ. ಆಮೇಲೆ ಶೋಕ ಶಸ್ತ್ರ. ಬಂದೂಕುಗಳು ತಲೆಕೆಳಗಾಗುತ್ತವೆ. ನಳಿಕೆಯ ಬಾಯಿ ಬೂಟಿನ ಮೇಲೆ, ಕೈಗಳು ಹಿಡಿಯ ಮೇಲೆ, ತಲೆ ತಗ್ಗು. ಬ್ಯೂಗಲ್‌ನವರು ಲಾಸ್ಟ್ ಪೋಸ್ಟ್ ಊದುತ್ತಾರೆ. ಹುಟ್ಟಿನಲ್ಲಿ ಅದು ಸಾವಿನ ರಾಗವೇ ಅಲ್ಲ. ಬ್ರಿಟಿಷ್ ಸೈನ್ಯದ ಬಿಡಾರದಲ್ಲಿ ರಾತ್ರಿ ಕಾವಲಿನ ಸುತ್ತು ಮುಗಿಯಿತು, ಎಲ್ಲ ಕಾವಲುಗಾರರೂ ತಮ್ಮ ತಮ್ಮ ಜಾಗದಲ್ಲಿದ್ದಾರೆ ಅಂತ ತಿಳಿಸುವ ಕರೆ. ಇನ್ನು ಮಲಗಬಹುದು ಅಂತ. ಯಾರೋ ಅದನ್ನು ಸಮಾಧಿಯ ಮುಂದೆ ಊದಿದರು, ಅದು ಅಲ್ಲೇ ಉಳಿಯಿತು.

ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ. ರಂಧ್ರಗಳಿಲ್ಲ. ಬರೀ ಒಂದು ಸುತ್ತಿದ ಕೊಳವೆ. ತುಟಿ ಬಿಗಿ ಮಾಡಿದರೆ ಮೇಲಿನ ಸ್ವರ, ಸಡಿಲಿಸಿದರೆ ಕೆಳಗಿನದು. ನಮ್ಮ ಸಂಗೀತದ ಲೆಕ್ಕದಲ್ಲಿ ಹೇಳಬೇಕೆಂದರೆ ಸ, ಗ, ಪ. ಅಷ್ಟೇ. ಅವೇ ಮೂರು, ಮೇಲೆ ಕೆಳಗೆ. ರಿ ಇಲ್ಲ, ಮ ಇಲ್ಲ, ದ ನಿ ಯಾವುದೂ ಇಲ್ಲ. ಗಮಕಕ್ಕೆ ದಾರಿಯೇ ಇಲ್ಲ. ನಮ್ಮ ಕಿವಿಗೆ ಶೋಕ ಅಂದರೆ ಜಾರುವ, ಬಳುಕುವ ಸ್ವರ ಅಲ್ವಾ? ಇದು ಜಾರುವುದೇ ಇಲ್ಲ. ನೆಟ್ಟಗೆ ನಿಂತ ಮೂರು ಸ್ವರ, ನಡುವೆ ಖಾಲಿ. ಆ ಖಾಲಿ ಜಾಗದಲ್ಲೇ ಜನ ಅಳುತ್ತಾರೆ ಅಂತ ನನಗೆ ಅನಿಸುತ್ತದೆ.

ಎರಡು ನಿಮಿಷದ ಮೌನದಲ್ಲಿ ನಾನು ಫೋಟೊ ತೆಗೆಯುವುದಿಲ್ಲ. ಬ್ಯಾಂಡ್ ವಾದ್ಯ ಇಳಿಸಿದಾಗ ನಾನೂ ಕ್ಯಾಮೆರಾ ಇಳಿಸುತ್ತೇನೆ. ಅವತ್ತು ಮರದ ಮೇಲೆ ಕಾಗೆಗಳಿದ್ದವು. ಹೊರಗೆ ರಸ್ತೆಯಲ್ಲಿ ಬಸ್ಸು ಗೇರ್ ಬದಲಿಸಿತು. ಬಾವುಟದ ಹಗ್ಗ ಕಂಬಕ್ಕೆ ಬಡಿದು ಸಣ್ಣಗೆ ಟಿಣ್ ಅನ್ನುತ್ತಿತ್ತು. ಬ್ಯೂಗಲ್ ಮತ್ತೆ ಎದ್ದಿತು. ಈ ಸಲ ರೌಸ್. ಬೆಳಗ್ಗೆ ಸೈನಿಕರನ್ನು ಎಬ್ಬಿಸುವ ಕರೆ. ಮಲಗಿ ಅಂತ ಹೇಳಿದವರೇ ಎರಡು ನಿಮಿಷಕ್ಕೆ ಏಳಿ ಅನ್ನುತ್ತಾರೆ. ಯಾರು ಏಳಬೇಕು ಅಂತ ಪ್ರತಿ ವರ್ಷ ಯೋಚಿಸುತ್ತೇನೆ.

ಎಲ್ಲ ಮುಗಿದ ಮೇಲೆ ಬ್ಯಾಂಡ್‌ನವರು ಮರದ ಕೆಳಗೆ ಸೇರಿದರು. ವಾದ್ಯದ ಕೆಳಗಿನ ಪುಟ್ಟ ಬಿರಡೆ ತೆರೆದು ಒಳಗೆ ಕೂಡಿದ ನೀರನ್ನು ಹುಲ್ಲಿನ ಮೇಲೆ ಬಿಟ್ಟರು. ಅದು ಉಗುಳು ಅಂತ ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಪಾಲು ಉಸಿರು. ಬಿಸಿ ಉಸಿರು ತಣ್ಣಗಿನ ಹಿತ್ತಾಳೆಗೆ ತಾಗಿ ನೀರಾದದ್ದು. ಮಾವ ಹೋಗಿ ಯೂಫೋನಿಯಂ ಹುಡುಗನನ್ನು ಮಾತಾಡಿಸಿದರು. ಅವನಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು. ಯಾವ ಸೆಂಟರ್, ಪಚಮಡಿಗೆ ಹೋಗಿ ಬಂದೆಯಾ, ಈಗಲೂ ಅಲ್ಲಿ ಚಳಿಗೆ ವಾಲ್ವ್ ಹಿಡಿಯುತ್ತಾ ಅಂತೆಲ್ಲ ಕೇಳಿದರು. ಅವನು ವಾದ್ಯವನ್ನು ಮಾವನ ಕೈಗೆ ಕೊಟ್ಟ. ಮಾವ ಊದಲಿಲ್ಲ. ಮೂರು ವಾಲ್ವ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ, ಕರ್ಚೀಫಿನಿಂದ ತಮ್ಮ ಬೆರಳ ಗುರುತು ಒರೆಸಿ ವಾಪಸ್ ಕೊಟ್ಟರು.

ಚಿತ್ರ ಸಿಕ್ಕಿತ್ತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಊರಿಗೆ ತೆಗೆದುಕೊಂಡು ಹೋದೆ. ಮಾವ ಕನ್ನಡಕ ಹಾಕಿಕೊಂಡು ಜಗಲಿಯ ಬೆಳಕಿಗೆ ಹಿಡಿದರು. ಒಬ್ಬೊಬ್ಬರನ್ನೇ ನೋಡುತ್ತಾ ಬಂದರು, ಕ್ಲಾರಿನೆಟ್, ಕಾರ್ನೆಟ್, ಹಾರ್ನ್ ಅಂತ ಬಾಯಲ್ಲೇ ಹೇಳಿಕೊಳ್ಳುತ್ತಾ.

"ಇನ್ನೂ ಶುರುವಾಗಿಲ್ಲ," ಅಂದರು.

"ಇಲ್ಲ ಮಾವ. ಅದೇ ಉಸಿರು."

"ಹೂಂ." ಚಿತ್ರದ ಅಂಚಿಗೆ ಅವರ ಬೆರಳು ಬಂದು ನಿಂತಿತು. ಅಲ್ಲಿ, ಹಗ್ಗದ ಆಚೆ ಕೂತ ನಿವೃತ್ತರ ಸಾಲಿನಲ್ಲಿ, ಬಿಳಿ ಅಂಗಿಯಲ್ಲಿ ಅವರೇ ಇದ್ದರು. ತೆಗೆಯುವಾಗ ನಾನು ಗಮನಿಸಿರಲಿಲ್ಲ. ಅವರ ತುಟಿಯೂ ಒಂದು ಗೆರೆಯಷ್ಟು ಬಿಟ್ಟಿತ್ತು.

ಅವರು ತಮ್ಮ ಬಗ್ಗೆ ಏನೂ ಹೇಳಲಿಲ್ಲ. ಪ್ರಿಂಟನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ತೋಟದ ಕಡೆ ನೋಡುತ್ತಾ ಕೂತರು. ಆಮೇಲೆ ಕೇಳಿದರು: "ಇನ್ನೊಂದು ಕಾಪಿ ಹಾಕಿಸಿಕೊಡ್ತೀಯಾಮ್ಮ? ವೆಲ್ಲೂರು ಕಡೆ ಒಬ್ಬ ಇದಾನೆ, ಕಾರ್ನೆಟ್‌ನವನು. ಸ್ಟ್ರೆಚರ್‌ನ ಆ ತುದಿ ಅವನೇ ಹಿಡೀತಿದ್ದದ್ದು."